ದುಭಾಷಿಯ ಬಾಯಲ್ಲಿ ‘ನಾ’

ನಾನು ನನ್ನ ನೌಕರಿಯ ಅವಧಿಯಲ್ಲಿ ಹಲವು ಸಲ ಬಸುರಿಯಾಗಿದ್ದೇನೆ. ಗಂಡನ ಕಾಟ ತಾಳದೆ ತವರಿಗೆ ಓಡಿಹೋಗಿದ್ದೇನೆ. ಹೊಲದ ಬದುವಿಗಾಗಿ ಸ್ವಂತ ಅಣ್ಣನ ತಲೆ ಒಡೆದಿದ್ದೇನೆ. ಪರರ ಎಮ್ಮೆಯನ್ನು ನನ್ನದೇ ಎಂದು ದೇವರ ಮೇಲೆ ಆಣೆ ಮಾಡಿ ಹೇಳಿ, ಎಮ್ಮೆಯ ನಿಜವಾದ ಒಡೆಯ ಕೆಕ್ಕರಿಸಿ ನೋಡಿದಾಗಲೂ ಕಣ್ಣು ಕೆಳಗಿಳಿಸಿಲ್ಲ. ಗಾಬರಿಯಾಗಬೇಡಿ. ನಾನು ಪುಣೆಯ ಶಿವಾಜಿನಗರದ ಕೋರ್ಟಿನಲ್ಲಿ ಕನ್ನಡ-ಮರಾಠಿ ದುಭಾಷಿಯಾಗಿದ್ದೆ. ಕಟಕಟೆಯಲ್ಲಿ ನಿಂತವರು ‘ನಾ’ ಎಂದರೆ, ಪಕ್ಕದಲ್ಲಿ ನಿಂತ ನಾನು ಮರಾಠಿಯಲ್ಲಿ ‘ಮೀ’ ಎನ್ನಬೇಕಾಗಿತ್ತು. ಅವರು ಮಾಡಿದ್ದೆಲ್ಲ ನಾನು ಮಾಡಿದಂತೆಯೇ ಹೇಳಬೇಕಾಗಿತ್ತು.

ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬಂದು, ಯಾವ ಶಬ್ದ ಕಠಿಣ, ಯಾವ ನಿಘಂಟು ಒಳ್ಳೆಯದು ಎಂದು ಕೇಳುತ್ತಾರೆ. ದಪ್ಪ ದಪ್ಪ ಕಾನೂನಿನ ಶಬ್ದಗಳು ಕಠಿಣವೇನಲ್ಲ, ಅವಕ್ಕೆ ನಿಘಂಟಿದೆ. ಇಡೀ ಆಯುಷ್ಯ ನನ್ನನ್ನು ದುಡಿಸಿಕೊಂಡದ್ದು ‘ನಾ’ ಎಂಬ ಒಂದಕ್ಷರ. ಆದ್ದರಿಂದ ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟು ಅದರ ಕಥೆಯನ್ನೇ ಹೇಳುತ್ತೇನೆ.

ನನಗೆ ಕೆಲಸ ಕಲಿಸಿದವರು ಜೋಶಿಯವರು. ನನಗಿಂತ ಹಿರಿಯ ದುಭಾಷಿ, ಸೋಲಾಪುರದವರು. ಮನೆಮಾತು ಮರಾಠಿಯಾದರೂ ಧಾರವಾಡದ ನನಗಿಂತ ಚಲೋ ಕನ್ನಡದಲ್ಲಿ ಬೈಯುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಒಂದು ಅತ್ತೆ-ಸೊಸೆಯರ ಜಗಳದ ಖಟ್ಲೆ ಬಂತು. ಸಾಕ್ಷಿ ಹೇಳಲು ನಿಂತವಳು ನೆರೆಮನೆಯವಳು. ಗಂಡಸಾದ ನಾನು ‘ಮೀ’ ಎನ್ನುವುದು ಹೇಗೆ ಎಂದು ನಾಚಿಕೊಂಡು, ‘ಅವಳು ಹೇಳುತ್ತಾಳೆ, ಅವಳು ಹೊಡೆದಳು, ಆಗ ಅವಳು ಅತ್ತಳು’ ಎಂದು ಸಾಗಿದೆ. ಸ್ವಲ್ಪ ಹೊತ್ತಿನಲ್ಲಿ ಹೊಡೆದವಳು ಯಾರು, ಅತ್ತವಳು ಯಾರು, ನೋಡಿದವಳು ಯಾರು ಎಂಬುದು ನ್ಯಾಯಾಧೀಶರಿಗಿರಲಿ, ನನಗೇ ತಿಳಿಯದಾಯಿತು. ಬೆರಳಚ್ಚಿನವನು ಕೈಯೆತ್ತಿ ಕುಳಿತುಬಿಟ್ಟ. ಮಧ್ಯಾಹ್ನದ ಬಿಡುವಿನಲ್ಲಿ ಜೋಶಿಯವರು ನನ್ನನ್ನು ಬೇವಿನಮರದ ಕೆಳಗೆ ನಿಲ್ಲಿಸಿಕೊಂಡರು.

“ದೇಸಾಯಿ, ಕೋರ್ಟಿನಾಗ ನಿನಗ ‘ನಾ’ ಅನ್ನೂದು ಇಲ್ಲೇ ಇಲ್ಲ, ತಿಳೀತಿಲ್ಲೊ? ಕಟಕಟ್ಯಾಗ ನಿಂತವ್ರು ನಾ ಅಂದ್ರ ನೀನೂ ನಾ ಅನಬೇಕು. ಹೆಣ್ಮಗಳು ಇದ್ರ ಹೆಣ್ಮಗಳಾಗು, ಕಳ್ಳ ಇದ್ರ ಕಳ್ಳ ಆಗು. ನಿಂದ ಏನರೆ ಹೇಳೂದಿದ್ರ ‘ದುಭಾಷಿಯ ವಿನಂತಿ’ ಅಂತ ಹೇಳು, ಯಾರೋ ಮೂರನೇದವ್ರು ಹೇಳಿಧಂಗ.”

ಅಂದಿನಿಂದ ನಾಚಿಕೆ ಬಿಟ್ಟೆ. ಹಾಗೆಂದು ನಾಚಿಕೆ ನನ್ನನ್ನು ಬಿಟ್ಟಿತೆಂದಲ್ಲ. ಕನ್ನಡದಲ್ಲಿ ‘ನಾ ಬಸುರಿ ಇದ್ದೆ’ ಎನ್ನುವಾಗ ಆ ‘ಇದ್ದೆ’ಗೆ ಗಂಡು ಹೆಣ್ಣು ಎಂಬ ಭೇದವಿಲ್ಲ. ಮರಾಠಿಯಲ್ಲಿ ಹಾಗಲ್ಲ, ಹೆಂಗಸಾದರೆ ‘ಹೋತೇ’, ಗಂಡಸಾದರೆ ‘ಹೋತೋ’. ಗಿರಿಜಾ ಮೀಸೆಯ ನಾನು ತುಂಬಿದ ಕೋರ್ಟಿನಲ್ಲಿ ‘ಮೀ ಗರೋದರ್ ಹೋತೇ’ ಎಂದಾಗ ಹಿಂದಿನ ಬೆಂಚಿನ ಕಿರಿಯ ವಕೀಲರು ಫೈಲಿನಲ್ಲಿ ಮುಖ ಹುದುಗಿಸಿ ನಕ್ಕರು. ನಗಲಿ ಬಿಡಿ. ಮುಂದೆ ಅವರೇ ತಮ್ಮ ಖಟ್ಲೆಗೆ ದೇಸಾಯಿಯೇ ಬೇಕು ಎಂದು ಅರ್ಜಿ ಕೊಡತೊಡಗಿದರು. ಮನೆಯಲ್ಲಿ ಹೆಂಡತಿಯ ಚೇಷ್ಟೆ ಬೇರೆ. ನಾನು ಊಟಕ್ಕೆ ಕುಳಿತು ‘ನನಗೆ ಇನ್ನೊಂದು ರೊಟ್ಟಿ’ ಎಂದರೆ, ಈಗ ಕೇಳುತ್ತಿರುವುದು ನೀವೋ ಅಥವಾ ಯಾರಾದರೂ ಸಾಕ್ಷಿಯೋ ಎಂದು ಕೇಳುತ್ತಿದ್ದಳು.

ನನ್ನ ಗಿರಾಕಿಗಳೆಂದರೆ ನಮ್ಮ ಬೆಳಗಾವಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ಜೇಜುರಿಯ ಖಂಡೋಬಾನಿಗೆ, ಅಂದರೆ ನಮ್ಮ ಮೈಲಾರನಿಗೆ, ನಡೆದುಕೊಳ್ಳಲು ಬಂದು ಕಿಸೆಗಳ್ಳರ ಕೈಗೆ ಸಿಕ್ಕ ಭಕ್ತರು, ಆಮೇಲಾಮೇಲೆ ಬೆಂಗಳೂರು ಕನ್ನಡದ ಕಂಪ್ಯೂಟರಿನ ಮಂದಿ. ಈ ಕೊನೆಯವರ ವಾಕ್ಯದಲ್ಲಿ ಕನ್ನಡ ಹುಡುಕಬೇಕಾದರೆ ದುಭಾಷಿಗಿಂತ ಭೂಗರ್ಭಶಾಸ್ತ್ರಜ್ಞನೇ ಬೇಕು. ಆದರೆ ಕೋರ್ಟಿನ ಪಡಸಾಲೆ ಬರೀ ಕನ್ನಡಿಗರದಲ್ಲ. ಒಂದು ಬೆಂಚಿನ ಮೇಲೆ ಕುಳಿತರೆ ಹಿಂದುಸ್ತಾನದ ಅರ್ಧ ಭಾಷೆಗಳು ಕಿವಿಗೆ ಬೀಳುತ್ತಿದ್ದವು, ಮತ್ತು ಎಲ್ಲದರಲ್ಲೂ ಒಂದು ‘ನಾ’ ಇರುತ್ತಿತ್ತು.

ನಮ್ಮ ‘ನಾ’ ಎಂದರೆ ನಾನು. ತೆಲುಗು ಮೇಸ್ತ್ರಿಯ ‘ನಾ’ ಎಂದರೆ ನನ್ನ. ಅವೆರಡೂ ಒಂದೇ ಮನೆತನದ ಅಣ್ಣತಮ್ಮಂದಿರು. ಕ್ಯಾಂಪ್ ಪೇಟೆಯ ಗುಜರಾತಿ ಬಟ್ಟೆ ವ್ಯಾಪಾರಿ ತಲೆಯಲ್ಲಾಡಿಸಿ ‘ನಾ’ ಎಂದರೆ ಇಲ್ಲ ಎಂದರ್ಥ. ನಮ್ಮ ಕರಾವಳಿಯವರ ಹೋಟೆಲಿನ ಕೊಂಕಣಿ ಅಡಿಗೆಯವನದೂ ಅದೇ. ಅವರದು ಸಂಸ್ಕೃತದ ನಕಾರದ ವಂಶ. ಮರಾಠಿಯವರದು ಮಾತಿನ ಬಾಲಕ್ಕೆ ಕಟ್ಟಿದ ಗೆಜ್ಜೆ, ‘ಚಲಾ ನಾ’ (ನಡೆಯಿರಪ್ಪಾ), ‘ಸಾಂಗಾ ನಾ’ (ಹೇಳಿರಪ್ಪಾ) ಎಂದು ಒಂದಿಷ್ಟು ಸಲಿಗೆ ಸೇರಿಸುತ್ತದೆ. ಪಂಜಾಬಿ ಲಾರಿ ಚಾಲಕನ ‘ನಾಂ’ ಮೂಗಿನಿಂದ ಬರುತ್ತದೆ, ಅದರ ಅರ್ಥ ಹೆಸರು. ನಾಮ ಸವೆದು ಸವೆದು ಅಷ್ಟಾಗಿದೆ. ಒಂದೇ ಬೆಂಚಿನ ಮೇಲೆ ಒಬ್ಬ ‘ನಾನು’ ಎನ್ನುತ್ತಿದ್ದ, ಇನ್ನೊಬ್ಬ ‘ಇಲ್ಲ’ ಎನ್ನುತ್ತಿದ್ದ, ಮೂರನೆಯವ ಹೆಸರು ಕೇಳುತ್ತಿದ್ದ. ಕೋರ್ಟಿನ ವ್ಯವಹಾರವೂ ಹೆಚ್ಚುಕಡಿಮೆ ಇಷ್ಟೇ.

ಒಮ್ಮೆ ಕಾರಖಾನೆಯ ಕೊರಿಯಾದ ಎಂಜಿನಿಯರೊಬ್ಬ ರಸ್ತೆ ಅಪಘಾತದ ಖಟ್ಲೆಯಲ್ಲಿ ಸಾಕ್ಷಿಗೆ ಬಂದಿದ್ದ. ಅವನ ಜೊತೆ ಅವನದೇ ದುಭಾಷಿ, ಒಬ್ಬ ಚುರುಕಾದ ಹುಡುಗಿ. ನಾನು ನನ್ನ ಸರದಿಗೆ ಕಾಯುತ್ತ ಸುಮ್ಮನೆ ಕುಳಿತಿದ್ದವನು ನೆಟ್ಟಗಾದೆ. ಆ ಮನುಷ್ಯ ಎದೆಯ ಮೇಲೆ ಕೈಯಿಟ್ಟುಕೊಂಡು ‘ನಾ’ ಎನ್ನುತ್ತಿದ್ದ, ಥೇಟ್ ನಮ್ಮ ಗೋಕಾಕದವರ ಹಾಗೆ! ಬಿಡುವಿನಲ್ಲಿ ಆ ಹುಡುಗಿಯನ್ನು ಕೇಳಿದೆ. ಹೌದು, ಅವರಲ್ಲಿಯೂ ನಾ ಎಂದರೆ ನಾನು. ಆದರೆ ಅದು ಗೆಳೆಯರ ನಡುವಿನ ಮಾತು, ದೊಡ್ಡವರ ಮುಂದೆ ಬೇರೆ ವಿನಯದ ಶಬ್ದವಿದೆ. ಅಪಘಾತದ ಹೊತ್ತಿನಲ್ಲಿ ತನ್ನ ಗೆಳೆಯನಿಗೆ ಏನು ಹೇಳಿದೆನೆಂಬುದನ್ನು ಹೇಳುವಾಗ ಮಾತ್ರ ಅವನು ‘ನಾ’ ಎಂದಿದ್ದ. ಕನ್ನಡಕ್ಕೂ ಅದಕ್ಕೂ ಏನಾದರೂ ನಂಟುಂಟೇ ಎಂದು ನಾನು ಆಸೆಯಿಂದ ಕೇಳಿದೆ. ಆಕೆ ನಕ್ಕು, ಬೀಗತನಕ್ಕೆ ಅವಸರ ಮಾಡಬೇಡಿ, ಇಷ್ಟು ಚಿಕ್ಕ ಶಬ್ದಗಳು ಎಲ್ಲೆಲ್ಲಿಯೂ ತಾವಾಗಿಯೇ ಹುಟ್ಟುತ್ತವೆ ಎಂದಳು. ಆದರೂ ಆ ಸಂಜೆ ನಾನು ಮನೆಗೆ ಬಂದು ಕೊರಿಯಾದವರು ನಮ್ಮವರೇ ಎಂದು ಹೆಂಡತಿಗೆ ಸಾರಿದೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಮೊದಲು ನ್ಯಾಯಾಧೀಶರು ಹೇಳಿ ಬರೆಸುತ್ತಿದ್ದರು, ನಾನು ಬೆರಳಚ್ಚಿನವನ ವೇಗಕ್ಕೆ ಮಾತನ್ನು ಕತ್ತರಿಸಿ ಕೊಡುತ್ತಿದ್ದೆ. ಆಮೇಲೆ ಕಂಪ್ಯೂಟರು ಬಂತು, ವೇಗ ಹೆಚ್ಚಿತು. ಆಮೇಲೆ ಸಾಕ್ಷಿಗಳು ಪರದೆಯ ಮೇಲೆ ಬಂದರು. ಪರದೆಯಲ್ಲಿ ಮುಖ ಕಾಣುತ್ತದೆ, ಕೈ ಕಾಣುವುದಿಲ್ಲ. ನಮ್ಮ ಜನ ಅರ್ಧ ಮಾತಾಡುವುದೇ ಕೈಯಲ್ಲಿ. ಈಗ ಮೊಬೈಲಿನಲ್ಲಿ ಮಾತಾಡಿದರೆ ತಾನೇ ಅನುವಾದ ಮಾಡುವ ಯಂತ್ರವಿದೆ. ಮಕ್ಕಳೇ, ಅದನ್ನು ಬಳಸಿ, ನಾನು ಬೇಡವೆನ್ನುವ ಮುದುಕನಲ್ಲ. ಆದರೆ ಸಾಕ್ಷಿ ಸುಮ್ಮನೆ ನಿಂತಾಗ ಯಂತ್ರವೂ ಸುಮ್ಮನಿರುತ್ತದೆ. ಮನುಷ್ಯ ದುಭಾಷಿಗೆ ಅಂಥ ಹೊತ್ತಿನಲ್ಲಿಯೇ ನಿಜವಾದ ಪರೀಕ್ಷೆ. ನನ್ನ ಆ ಪರೀಕ್ಷೆಯ ಹೆಸರು ಗಂಗವ್ವ.

ಗಂಗವ್ವ ಬೈಲಹೊಂಗಲ ಕಡೆಯವಳು. ಗಂಡ ಗೌಂಡಿ ಕೆಲಸ ಮಾಡುತ್ತಿದ್ದ, ಆಕೆ ಅವನ ಜೊತೆ ಇಟ್ಟಿಗೆ ಹೊರುತ್ತಿದ್ದಳು. ಊರವರ ಮನೆಗಳನ್ನು ಕಟ್ಟುತ್ತ ಕಟ್ಟುತ್ತ ಪುಣೆಯ ಹಡಪಸರದ ಕಡೆಗೆ ತಮ್ಮದೂ ಎರಡು ಖೋಲಿಯ ಮನೆ ಎಬ್ಬಿಸಿಕೊಂಡಿದ್ದರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ತಮ್ಮ ದುಂಡಪ್ಪ ದಾವೆ ಹಾಕಿದ. ಈಕೆ ನಮ್ಮಣ್ಣನ ಹೆಂಡತಿಯೇ ಅಲ್ಲ, ಕೂಲಿಗೆ ಬಂದು ಅಡಿಗೆ ಮಾಡಿಕೊಂಡು ಉಳಿದವಳು, ಖೋಲಿ ನನಗೆ ಸೇರಬೇಕು ಎಂದು ಅವನ ವಾದ. ಲಗ್ನವಾದದ್ದು ಹಳ್ಳಿಯ ಗುಡಿಯಲ್ಲಿ, ಅಕ್ಕಿಕಾಳು ಹಾಕಿದ ಹಿರಿಯರು ಯಾರೂ ಬದುಕಿರಲಿಲ್ಲ. ಓಣಿಯ ನೆರೆಯವರು, ಇಬ್ಬರೂ ಗಂಡಹೆಂಡಿರಂತೆ ಇದ್ದರು ಎಂದು ಹೇಳಿದ್ದರು. ‘ಗಂಡಹೆಂಡಿರಂತೆ’ ಬೇರೆ, ‘ಗಂಡಹೆಂಡಿರು’ ಬೇರೆ ಎಂದು ದುಂಡಪ್ಪನ ವಕೀಲರು ಅದನ್ನು ಹಿಡಿದು ಜಗ್ಗುತ್ತಿದ್ದರು.

ಪುಣೆಯಲ್ಲಿ ಅಷ್ಟು ವರ್ಷವಿದ್ದ ಗಂಗವ್ವನಿಗೆ ಸಂತೆಯ ಮರಾಠಿ ಬರುತ್ತಿತ್ತು. ಆದರೆ ಕೋರ್ಟಿನಲ್ಲಿ ತಪ್ಪಾಗಬಾರದೆಂದು ಕನ್ನಡದಲ್ಲಿಯೇ ಹೇಳುತ್ತೇನೆಂದಳು. ತನ್ನ ವಕೀಲರ ಪ್ರಶ್ನೆಗಳಿಗೆಲ್ಲ ಸರಿಯಾಗಿ ಉತ್ತರಿಸಿ, ಕೊನೆಗೆ ಕೇಳದಿದ್ದರೂ ಒಂದು ಮಾತು ಸೇರಿಸಿದಳು.

“ಮನಿ ಹೋದ್ರ ಹೋಗ್ಲಿರಿ, ಎಲ್ಲೆರೆ ಬಿದ್ದಿರತೇನಿ. ಆದ್ರ ನನ್ನ ಇಟ್ಕೊಂಡಾಕಿ ಅಂತ ಮಾತ್ರ ಬರೀಬ್ಯಾಡ್ರಿ.”

ಅದನ್ನೂ ‘ಮೀ’ ಎಂದೇ ಹೇಳಿದೆ. ಹೇಳಿ ಮುಗಿಸಿ ನೀರು ಕುಡಿದೆ.

ಆಮೇಲೆ ಎದುರಿನ ವಕೀಲರು ಎದ್ದರು. ಜಾಣರು, ದನಿ ಎತ್ತುವವರಲ್ಲ. ಮೊದಲ ಪ್ರಶ್ನೆಯೇ, ನಿಮ್ಮ ‘ನವರಾ’ನ, ಅಂದರೆ ಗಂಡನ, ಹೆಸರು ಹೇಳಿ ಎಂಬುದು. ನಾನು ಕನ್ನಡದಲ್ಲಿ ಕೇಳಿದೆ. ಗಂಗವ್ವ ಸೆರಗನ್ನು ಮುಂದಕ್ಕೆ ಎಳೆದುಕೊಂಡು ಕಾಲಬೆರಳು ನೋಡತೊಡಗಿದಳು. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಮೌನ. ಹೆಂಡತಿ ಎನ್ನುವವಳಿಗೆ ಗಂಡನ ಹೆಸರು ಬಾಯಿಗೆ ಬರುತ್ತಿಲ್ಲ, ಹಾಗೆಂದು ದಾಖಲಾಗಲಿ ಎಂದು ವಕೀಲರು ತಣ್ಣಗೆ ಹೇಳಿದರು.

ನನಗೆ ಮೈಯೆಲ್ಲ ಉರಿಯಿತು. ಈ ಮೌನದ ಅರ್ಥ ನನಗೆ ಗೊತ್ತಿತ್ತು. ನನ್ನ ತಾಯಿ ಕೊನೆಯವರೆಗೂ ನನ್ನ ತಂದೆಯ ಹೆಸರನ್ನು ಹೇಳಲಿಲ್ಲ. ಓಣಿಯಲ್ಲಿ ಅದೇ ಹೆಸರಿನ ಹುಡುಗನೊಬ್ಬನಿದ್ದ, ಅವನನ್ನೂ ‘ಏ ತಮ್ಮಾ’ ಎಂದೇ ಕರೆದಳು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆ. ವಕೀಲರಿಗೂ ಇದು ಗೊತ್ತಿರದ ಸಂಗತಿಯಲ್ಲ, ಗೊತ್ತಿದ್ದೇ ಆ ಪ್ರಶ್ನೆಯನ್ನು ಮೊದಲಿಗೆ ಇಟ್ಟಿದ್ದರು. ನಾನು ಕೈಯೆತ್ತಿ, ‘ದುಭಾಷಿಯ ವಿನಂತಿ, ಸಾಕ್ಷಿಯ ಮೌನಕ್ಕೆ ಅವರ ಕಡೆಯ ಪದ್ಧತಿಯೊಂದು ಕಾರಣವಿರಬಹುದು’ ಎಂದೆ. ವಕೀಲರು ಕೂಡಲೇ ಆಕ್ಷೇಪಿಸಿದರು. ದುಭಾಷಿ ಸಾಕ್ಷಿ ಹೇಳುವುದಾದರೆ ಕಟಕಟೆಯೊಳಗೆ ಬರಲಿ ಎಂದರು.

ನ್ಯಾಯಾಧೀಶರು ಮಹಿಳೆ, ಪುಣೆಯಲ್ಲಿಯೇ ಹುಟ್ಟಿ ಬೆಳೆದವರು. ಅವರು ಆಕ್ಷೇಪವನ್ನು ಎತ್ತಿಹಿಡಿದರು. ಕಾರಣವೇನಿದ್ದರೂ ಸಾಕ್ಷಿಯೇ ಹೇಳಬೇಕು, ದುಭಾಷಿ ತಮ್ಮ ಕೆಲಸ ಮಾಡಲಿ ಎಂದರು. ಆ ಕ್ಷಣಕ್ಕೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದೇ ಸರಿ. ಆಕೆಯ ಮೌನವನ್ನು ನಾನೇ ಬಿಡಿಸಿ ಹೇಳಿಬಿಟ್ಟರೆ ನಾಳೆ ಇನ್ನೊಬ್ಬ ದುಭಾಷಿ ಇನ್ನಾರದೋ ಮೌನಕ್ಕೆ ತನಗೆ ಬೇಕಾದ ಅರ್ಥ ಕೊಟ್ಟಾನು.

ನ್ಯಾಯಾಧೀಶರೇ ಗಂಗವ್ವನನ್ನು ಏಕೆ ಹೇಳುತ್ತಿಲ್ಲ ಎಂದು ಕೇಳಿದರು. ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದಳು ಗಂಗವ್ವ. ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಅಜ್ಜಿಯರೂ ಹೇಳುತ್ತಿರಲಿಲ್ಲ, ಹೇಳಲೇಬೇಕಾದಾಗ ಪದ ಕಟ್ಟಿ ಉಖಾಣೆಯಲ್ಲಿ ಹೇಳುತ್ತಿದ್ದರು, ನಿಮ್ಮಲ್ಲಿ ಅಂಥದಿಲ್ಲವೇ ಎಂದು ಕೇಳಿದರು.

“ಐತ್ರಿ. ಒಡಪ ಅಂತೇವಿ. ಆದ್ರ ಅದನ್ನ ಮುತ್ತೈದೇರು ಹಾಕಬೇಕ್ರಿ. ನನ್ನ ಕುಂಕುಮ ಹೋಗೇತಿ. ನಾ ಹೆಂಗ ಹಾಕ್ಲಿರಿ?”

ಗಂಡ ಬದುಕಿದ್ದಾಗ ಹೆಸರು ಹೇಳುವಂತಿರಲಿಲ್ಲ, ಸತ್ತ ಮೇಲೆ ಒಡಪು ಹೇಳುವಂತಿಲ್ಲ. ಎರಡೂ ಬಾಗಿಲು ಮುಚ್ಚಿದ್ದವು. ನಾನು ನನ್ನ ಮೀಸೆಯನ್ನೂ ಬೋಳು ಹಣೆಯನ್ನೂ ಹೊತ್ತುಕೊಂಡು ‘ಮಾಝಂ ಕುಂಕೂ ಗೇಲಂ’, ನನ್ನ ಕುಂಕುಮ ಹೋಗಿದೆ, ಎಂದು ಹೇಳಿದೆ. ಅಂದು ಯಾರೂ ನಗಲಿಲ್ಲ.

ಗಂಗವ್ವ ನನ್ನ ಕಡೆ ತಿರುಗಿ, ಹೇಳದಿದ್ದರೆ ಏನು ಬರೆಯುತ್ತಾರೆಂದು ಕೇಳಿದಳು. ನನ್ನನ್ನೇ ಕೇಳಿದ್ದು, ಆದರೆ ನಾನು ಉತ್ತರಿಸುವಂತಿಲ್ಲ. ಪ್ರಶ್ನೆಯನ್ನು ಮರಾಠಿ ಮಾಡಿ ಮೇಲಕ್ಕೆ ಕಳಿಸಿದೆ. ಸಾಕ್ಷಿ ಉತ್ತರ ಕೊಡಲಿಲ್ಲ ಎಂದು ಬರೆಯಬೇಕಾಗುತ್ತದೆ ಎಂಬ ಉತ್ತರ ಕೆಳಕ್ಕೆ ಬಂತು. ಅದನ್ನು ಕನ್ನಡದಲ್ಲಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ದುಂಡಪ್ಪನನ್ನೇ ನೋಡಿದಳು. ತಾನು ಉಣ್ಣಲಿಕ್ಕಿ ಬೆಳೆಸಿದ ಮೈದುನ. ಅವನು ಬೇರೆ ಕಡೆ ನೋಡುತ್ತಿದ್ದ. ಆಗ ಆಕೆ ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ತಲೆಯೆತ್ತಿದಳು.

“ಜೇಜುರಿ ಗುಡ್ಡದ ಮ್ಯಾಲ ಭಂಡಾರದ ಪುಡಿ,
ಇಟ್ಟಂಗಿ ಹೊತ್ತೇವಿ ಕೂಡಿ, ಉಂಡೇವಿ ಕೂಡಿ,
ಕುಂಕುಮ ಅಳಿಸಿದ್ರೂ ಅಳಿಯೂದಿಲ್ಲ ಜೋಡಿ,
ಮೈಲಾರಪ್ಪನವ್ರ ಮಡದಿ ನಾ, ಬರಕೊಂಡು ಬಿಡ್ರಿ.”

ನಾನು ಬಾಯಿ ತೆರೆದೆ. ಪ್ರಾಸ ತರಲು ಪುರುಸೊತ್ತಿರಲಿಲ್ಲ, ತರುವುದು ನನ್ನ ಕೆಲಸವೂ ಅಲ್ಲ. ಖಂಡೋಬಾನ ಅರಿಸಿನವಾದ ಭಂಡಾರವನ್ನು ಭಂಡಾರವೆಂದೆ, ಇಟ್ಟಂಗಿಯನ್ನು ವೀಟ ಎಂದೆ, ಮಡದಿಯನ್ನು ಬಾಯಕೋ ಮಾಡಿ ಕೊನೆಗೆ ‘ಮೈಲಾರಪ್ಪಾಂಚೀ ಬಾಯಕೋ ಮೀ’ ಎಂದೆ. ಹೆಮ್ಮೆಯಿಂದ ಹೇಳಿದೆ. ಆ ಒಂದು ‘ಮೀ’ ನನ್ನ ಬಾಯಿಂದ ಹೊರಡಲಿ ಎಂದೇ ದೇವರು ನನ್ನನ್ನು ಈ ನೌಕರಿಗೆ ಹಾಕಿದ್ದನೆಂದು ಇಂದಿಗೂ ನಂಬಿದ್ದೇನೆ. ಜಂಬವೆನಿಸಿದರೆ ಅನಿಸಲಿ. ನ್ಯಾಯಾಧೀಶರು ಕನ್ನಡಕ ಹಾಕಿಕೊಂಡು, ಮರಾಠಿಯ ಜೊತೆಗೆ ಮೂಲ ಕನ್ನಡವೂ ದಾಖಲೆಯಲ್ಲಿರಲಿ ಎಂದು ನನ್ನಿಂದ ಬಿಡಿಸಿ ಬಿಡಿಸಿ ಬರೆಸಿಕೊಂಡರು. ವಕೀಲರು ಬೇರೆ ಪ್ರಶ್ನೆಗೆ ಹೋದರು.

ಸಾಕ್ಷಿ ಮುಗಿದ ಮೇಲೆ ಬರೆದುಕೊಂಡದ್ದನ್ನು ಸಾಕ್ಷಿಯ ಭಾಷೆಯಲ್ಲಿ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು ನಿಯಮ. ಅವಸರದಲ್ಲಿ ಇದನ್ನು ಗೊಣಗಿ ಮುಗಿಸುವವರನ್ನು ನಾನು ನೋಡಿದ್ದೇನೆ. ನೀವು ಹಾಗೆ ಮಾಡಬೇಡಿ. ನಾನು ನಿಧಾನವಾಗಿ ಓದುತ್ತ ‘ನಾ ಮೈಲಾರಪ್ಪನ ಹೆಂಡತಿ’ ಎಂಬಲ್ಲಿಗೆ ಬಂದಾಗ ಗಂಗವ್ವ ಕೈ ಅಡ್ಡ ಹಿಡಿದಳು.

“ಅದೊಂದು ಇನ್ನೊಮ್ಮೆ ಓದ್ರಿ, ಅಣ್ಣಾರ.”

ನಾನು ನ್ಯಾಯಾಧೀಶರ ಮುಖ ನೋಡಿದೆ. ಅವರು ಆಗಲಿ ಎಂದು ತಲೆಯಾಡಿಸಿದರು. ಇನ್ನೊಮ್ಮೆ ಓದಿದೆ. ಆಕೆ ಕಣ್ಣುಮುಚ್ಚಿ ಕೇಳಿದಳು, ಆಮೇಲೆ ಹೆಬ್ಬೆಟ್ಟು ಒತ್ತಿದಳು.

ಒಂದು ಒಡಪಿನಿಂದಲೇ ಖಟ್ಲೆ ಗೆದ್ದಿತೆಂದರೆ ಬಲ್ಲವರು ನಕ್ಕಾರು. ನೆರೆಯವರ ಮಾತಿತ್ತು, ಆಕೆಯ ವಕೀಲರೂ ಚಲೋ ವಾದಿಸಿದರು. ಆದರೆ ಗಂಡನ ಹೆಸರೂ ಬಾರದವಳು ಎಂಬ ಮಾತು ಮತ್ತೆ ಆ ಕೋರ್ಟಿನಲ್ಲಿ ಕೇಳಲಿಲ್ಲ. ತೀರ್ಪು ಆಕೆಯ ಕಡೆಗಾಯಿತು. ಖೋಲಿ ಉಳಿಯಿತು, ಮತ್ತು ತೀರ್ಪಿನಲ್ಲಿ ಆಕೆಯನ್ನು ಮೈಲಾರಪ್ಪನ ಧರ್ಮಪತ್ನಿ ಎಂದು ಬರೆದರು.

ತೀರ್ಪಿನ ನಕಲು ಬೇಕೆಂದು ಗಂಗವ್ವ ಬಂದ ದಿನ ನಾನು ಪಡಸಾಲೆಯಲ್ಲಿದ್ದೆ. ನಕಲು ಕೊಡುವ ಖಿಡಕಿಯ ಮುಂದೆ ಆಕೆ ತಡಬಡಿಸಿಯಾಳು ಎಂದು ಜೊತೆಗೆ ಹೋದೆ. ಒಳಗಿನ ಗುಮಾಸ್ತ ತಲೆಯೆತ್ತದೆ, ಮೈಲಾರಪ್ಪ ನಿಮಗೆ ಏನಾಗಬೇಕು ಎಂದು ಮರಾಠಿಯಲ್ಲಿ ಕೇಳಿದ. ಅಭ್ಯಾಸಬಲದಿಂದ ನಾನು ಒಂದು ಹೆಜ್ಜೆ ಮುಂದೆ ಬಂದೆ. ಗಂಗವ್ವ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದಳು. ಸೆರಗು ಎಳೆದುಕೊಳ್ಳಲಿಲ್ಲ, ಪದ ಕಟ್ಟಲಿಲ್ಲ. ಖಿಡಕಿಗೆ ಮುಖ ಕೊಟ್ಟು ತನ್ನ ಸಂತೆಯ ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಮೈಲಾರಪ್ಪ ಮಾಝಾ ನವರಾ. ಮೀ ತ್ಯಾಂಚೀ ಬಾಯಕೋ.”

ನಾನು ಬಾಯಿ ಮುಚ್ಚಿಕೊಂಡೆ.